ಐದನೇ ತಟ್ಟೆಯಿಂದ ವಾರ ಶುರು ಮಾಡಿ

ನಲಿಕಲಿ ಅಂದರೆ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಕಾರ್ಡುಗಳ ಮೂಲಕ ತಂತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. ಎಷ್ಟು ನೆರವು ಬೇಕು ಅನ್ನುವುದರ ಮೇಲೆ ಮಕ್ಕಳು ಕೂರುವ ಐದು ಗುಂಪುಗಳಿಗೆ ತಟ್ಟೆ ಅನ್ನುತ್ತೇವೆ. ಈ ವರ್ಷ ಮೊದಲ ಸಲ ನಲಿಕಲಿ ಕೊಠಡಿ ನಿಮ್ಮ ಪಾಲಿಗೆ ಬಂದಿದ್ದರೆ, ವಾರದ ಯೋಜನೆ ಬರೆಯುವಾಗ ಒಂದನೇ ತಟ್ಟೆಯಿಂದ ಶುರು ಮಾಡಬೇಡಿ. ಶಿಕ್ಷಕರು ಪೂರ್ತಿ ಜೊತೆಗಿರಬೇಕಾದ ಗುಂಪು ಅದು, ಹಾಗಾಗಿ ಅದಕ್ಕೇ ಮೊದಲು ತಯಾರಿ ಮಾಡಬೇಕು ಅನಿಸುವುದು ಸಹಜ. ನಾನೂ ಎರಡು ವರ್ಷ ಹಾಗೇ ಮಾಡಿದೆ. ಹನ್ನೊಂದು ಗಂಟೆಗೆಲ್ಲ ಕೊಠಡಿ ಸಂತೆಯಾಗುತ್ತಿತ್ತು. 'ಮಿಸ್, ನಂದು ಮುಗೀತು', 'ಮಿಸ್, ಇವನು ನನ್ನ ಕಾರ್ಡ್ ಕೊಡ್ತಿಲ್ಲ'. ಈಗ ಸ್ವಕಲಿಕೆಯ ಐದನೇ ತಟ್ಟೆಗೆ ಏನು ಅಂತ ಮೊದಲು ಬರೆದುಕೊಳ್ಳುತ್ತೇನೆ, ಆಮೇಲೆ ಸಹಪಾಠಿಗಳ ನೆರವಿನಲ್ಲಿ ಕಲಿಯುವ ಗುಂಪುಗಳಿಗೆ. ನನ್ನ ಹಂಗಿಲ್ಲದ ಮಕ್ಕಳ ಕೈಗೆ ಕೆಲಸ ಸಿಕ್ಕಿದ್ದರೆ ಮಾತ್ರ ಒಂದನೇ ತಟ್ಟೆಯ ಹತ್ತಿರ ಹತ್ತು ನಿಮಿಷ ನೆಮ್ಮದಿಯಾಗಿ ಕೂರಲು ಸಾಧ್ಯ.

ನನ್ನದು ತಿಪಟೂರು ಕಡೆಯ ಸಣ್ಣ ಶಾಲೆ. ಒಂದರಿಂದ ಮೂರನೇ ತರಗತಿ ಸೇರಿ 22 ಮಕ್ಕಳು, ಒಂದೇ ಕೊಠಡಿ.

ವಾರದ ಕೆಲಸ ನಿಜಕ್ಕೂ ಶುರುವಾಗುವುದು ಹಿಂದಿನ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ. ಪ್ರತಿ ಮಗು ಮುಗಿಸಿದ್ದನ್ನು ಗುರುತು ಹಾಕುವ ಪ್ರಗತಿ ನೋಟ ಮುಂದಿಟ್ಟುಕೊಂಡು, ಯಾವ ಮಗು ಕಲಿಕಾ ಏಣಿಯಲ್ಲಿ, ಅಂದರೆ ಕಾರ್ಡುಗಳನ್ನು ಮೆಟ್ಟಿಲಿನಂತೆ ಜೋಡಿಸಿದ ಪಟದಲ್ಲಿ, ಎಲ್ಲಿದೆ ಅಂತ ನೋಡಿ. ಮೂರು ಮಕ್ಕಳು ಒಂದೇ ಕಾರ್ಡಿಗೆ ಬಂದು ನಿಂತಿದ್ದರೆ ಅದರ ಇನ್ನೆರಡು ಪ್ರತಿ ಬೇಕು. ನಾನು ಲಗ್ನಪತ್ರಿಕೆಯ ರಟ್ಟಿನ ಹಿಂಬದಿಯಲ್ಲಿ ಬರೆದುಕೊಳ್ಳುತ್ತೇನೆ. ಊರಲ್ಲಿ ಅದಕ್ಕೇನೂ ಬರವಿಲ್ಲ. ಆದರೆ ಕಾರ್ಡಿನ ಮೇಲಿನ ಲೋಗೊ ಚಿತ್ರ, ಸಂಖ್ಯೆ ಎರಡನ್ನೂ ಬಿಡದೆ ಹಾಕಿ. ಓದಲು ಬಾರದ ಮಗು ಏಣಿಯಲ್ಲಿ ತನ್ನ ಜಾಗ ಹುಡುಕುವುದು ಅವುಗಳಿಂದಲೇ. ಒಮ್ಮೆ ನಾನು ಮರೆತು ಬಿಟ್ಟಿದ್ದೆ, ಒಂದು ಹುಡುಗಿ ಇಡೀ ಬೆಳಿಗ್ಗೆ ಆ ಕಾರ್ಡನ್ನು ತನ್ನದಲ್ಲ ಅಂತ ಮುಟ್ಟಲೇ ಇಲ್ಲ.

ಸೋಮವಾರ ನಮ್ಮೂರ ಸಂತೆ. ನಾಲ್ಕೈದು ಮಕ್ಕಳು ಬರುವುದಿಲ್ಲ, ಬಂದವರ ಮನಸ್ಸೂ ಅಲ್ಲೇ ಇರುತ್ತದೆ. ಅವತ್ತು ಹೊಸ ಮೈಲಿಗಲ್ಲು (ಏಣಿಯ ಒಂದು ಹಂತದ ಕಾರ್ಡುಗಳ ಗುಂಪು) ಶುರು ಮಾಡಬೇಡಿ. ಬಿಸಿ ಹಾಲು ಕುಡಿದು ಬಂದವರು ಹವಾಮಾನ ಪಟ ತುಂಬಲಿ, ಹಿಂದಿನ ವಾರದ ಅಭ್ಯಾಸದ ಕಾರ್ಡು ಮುಗಿಸಲಿ. ತಪ್ಪಿಸಿಕೊಂಡವರ ಚಿಂತೆಯೂ ಬೇಡ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ನಲಿಕಲಿ ಮೊಳೆತದ್ದೇ ಇಂಥ ಶಾಲೆಗಳಿಗಾಗಿ. ಆಂಧ್ರದ ರಿಷಿ ವ್ಯಾಲಿ ಶಾಲೆಯ ಪದ್ಧತಿ ನೋಡಿ ಬಂದ ಶಿಕ್ಷಕರು ಇಲ್ಲಿಗೆ ಹೊಂದುವಂತೆ ಅದನ್ನು ಬೆಳೆಸಿದರು. ಜಾತ್ರೆಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದ ಮಗು ತಾನು ನಿಂತ ಮೆಟ್ಟಿಲಿನಿಂದಲೇ ಹತ್ತುತ್ತದೆ. ಪಾಠ ಅದನ್ನು ಬಿಟ್ಟು ಮುಂದೆ ಓಡಿರುವುದಿಲ್ಲ.

ಮಂಗಳವಾರ, ಬುಧವಾರ ಕನ್ನಡಕ್ಕೆ ಹೆಚ್ಚು ಹೊತ್ತು ಕೊಡುತ್ತೇನೆ. ಅ, ಆ, ಇ, ಈ ಅಂತ ಮನೆಯಲ್ಲಿ ಕಲಿಸಿ ಕಳಿಸಿದ ಅಪ್ಪಂದಿರು ಬಂದು ಕೇಳುತ್ತಾರೆ, 'ಇದೇನ್ ಮೇಡಂ, ರ ಗ ಸ ದ ಅ ಅಂತೀರಲ್ಲ?' ಅವರ ಎದುರೇ ಆ ಐದು ಅಕ್ಷರದ ಬಿಲ್ಲೆ ಮಗುವಿನ ಕೈಗೆ ಕೊಡಿ. ಸರ, ದರ, ರಸ, ಅರಸ, ಅಗಸ, ಸರಸರ. ಅಕ್ಷರ ಐದೇ ಆದರೂ ಓದಲು ಪದ ಸಿಕ್ಕವು. ವರ್ಣಮಾಲೆಯ ಮೊದಲ ಐದು ಅಕ್ಷರ ಇಟ್ಟುಕೊಂಡು ಇಷ್ಟು ಪದ ಮಾಡಿ ನೋಡೋಣ! ಹೊಸ ಅಕ್ಷರವನ್ನು ಮೊದಲು ಮರಳಲ್ಲಿ ಬೆರಳಿನಿಂದ, ಆಮೇಲೆ ಗೋಡೆಯ ಕೆಳಗಿನ ಕಪ್ಪುಹಲಗೆಯಲ್ಲಿ ದೊಡ್ಡದಾಗಿ, ಕೊನೆಗೆ ಸ್ಲೇಟಿನಲ್ಲಿ ಬರೆಸಿ. 'ಅಗಸ' ಅಂದರೆ ಯಾರು ಅಂತ ಈಗಿನ ಮಕ್ಕಳಿಗೆ ಹೇಳಬೇಕು. 'ಗರಗಸ' ಹೇಳಬೇಕಾಗಿ ಬರಲಿಲ್ಲ: ಮರಗೆಲಸದವರ ಮನೆಯ ಹುಡುಗ ಎದ್ದು ನಿಂತು ಬಾಯಲ್ಲೇ ಗರ್ ಗರ್ ಅಂತ ಬೆಂಚು ಕೊಯ್ದು ತೋರಿಸಿದ. ಮುಂದೆ ನೋಡಲು ಒಂದೇ ಥರ ಇರುವ ವ, ಮ ಬಂದಾಗ ಮಾತ್ರ ಅವಸರ ಬೇಡ. ಆ ಜೋಡಿಯಲ್ಲಿ ವಾರ ಕಳೆದರೂ ಚಿಂತೆಯಿಲ್ಲ.

ಗುರುವಾರ ಗಣಿತ. ತೆಂಗಿನ ಗರಿಯ ಕಡ್ಡಿಗಳನ್ನು ಬೆರಳುದ್ದ ಕತ್ತರಿಸಿ ಹತ್ತತ್ತರ ಕಟ್ಟು ಮಾಡಿಡಿ. 32ರಲ್ಲಿ 15 ಕಳೆಯಬೇಕಾದರೆ ಮೂರು ಕಟ್ಟು, ಎರಡು ಬಿಡಿ ಕಡ್ಡಿ ಮಗುವಿನ ಮುಂದೆ ಇಟ್ಟು ಸುಮ್ಮನಿರಿ. ಎರಡರಲ್ಲಿ ಐದು ಹೋಗುವುದಿಲ್ಲ ಅಂತ ಅದು ನಿಮ್ಮ ಮುಖ ನೋಡುತ್ತದೆ. ಆಗಲೂ ಸುಮ್ಮನಿರಿ. ಒಂದು ಕಟ್ಟನ್ನು ಮಗುವೇ ಬಿಚ್ಚಬೇಕು. 'ದಶಕ ತಗೋ' ಅಂತ ಹಲಗೆಯ ಮೇಲೆ ನಾವು ಎಷ್ಟು ಸಲ ಬರೆದರೂ ಆ ಬಿಚ್ಚುವಿಕೆಗೆ ಸಮ ಆಗುವುದಿಲ್ಲ. ಕಟ್ಟಲು ರಬ್ಬರ್ ಬ್ಯಾಂಡ್ ತಂದಿದ್ದೆ, ಎರಡೇ ದಿನಕ್ಕೆ ಎಲ್ಲ ಹುಡುಗಿಯರ ಜಡೆ ಸೇರಿದವು. ಈಗ ಬಾಳೆನಾರು. ಎರಡನೇ ತರಗತಿಯವರಿಗೆ ಅಳತೆ ಇದ್ದರೆ ಕರಟ ಕೊಟ್ಟು, ಒಂದು ಚೊಂಬು ತುಂಬಲು ಎಷ್ಟು ಕರಟ ನೀರು ಬೇಕು ಅಂತ ಊಹಿಸಿ ಬರೆಸಿ, ಆಮೇಲೆ ಅಳೆಸಿ. ಇದು ಅಂಗಳದಲ್ಲಿ ನಡೆಯಲಿ. ಒಳಗೆ ಮಾಡಿಸಿದರೆ ಕಾರ್ಡುಗಳ ಗತಿ ನೀವೇ ಊಹಿಸಿ.

ಶುಕ್ರವಾರ ಪರಿಸರ ಅಧ್ಯಯನ. ಎಲೆ ಆರಿಸಲು ಹೊರಗೆ ಹೋಗಿ ಬಂದು, ಬಿಡಿಸಿದ ಚಿತ್ರವನ್ನು ಚಪ್ಪರಕ್ಕೆ, ಅಂದರೆ ಕೊಠಡಿಯಲ್ಲಿ ಅಡ್ಡಡ್ಡ ಕಟ್ಟಿದ ದಾರಗಳಿಗೆ, ತೂಗುಹಾಕಿ. ಚೆನ್ನಾಗಿದ್ದದ್ದನ್ನು ಮಾತ್ರ ಆರಿಸಬೇಡಿ, ಪ್ರತಿ ಮಗುವಿಗೂ ಅಲ್ಲಿ ಜಾಗ ಇರಲಿ. ದಾರವನ್ನು ಮಕ್ಕಳ ಕೈಗೆಟುಕುವಷ್ಟು ಕೆಳಗೆ ಕಟ್ಟಿ. ಭೇಟಿಗೆ ಬಂದವರ ತಲೆಗೆ ತಗುಲಿದರೆ ಅವರೇ ಬಗ್ಗಲಿ.

ಶನಿವಾರ ಹಾಡು, ಕಥೆ, ಆಟ. ಬ್ಯಾಗಿಲ್ಲದ ಸಂಭ್ರಮ ಶನಿವಾರ ಬಂದರೆ ಏಣಿಯ ಕಡೆ ನೋಡಲೂ ಬೇಡಿ. ಮನೆಗೆ ಬಿಡುವ ಮುನ್ನ ಮೂರನೇ ತರಗತಿಯ ಇಬ್ಬರಿಂದ ಟ್ರೇಗಳ ಕಾರ್ಡು ಎಣಿಸಿ. ಒಂದೆರಡು ಕಡಿಮೆ ಬಂದರೆ ಗದರಬೇಡಿ, ಮೊದಲು ಬೀರುವಿನ ಹಿಂದೆ ಕೈಹಾಕಿ ನೋಡಿ. ನಮ್ಮಲ್ಲಿ ಅರ್ಧ ಅಲ್ಲೇ ಸಿಗುತ್ತವೆ. ಇನ್ನರ್ಧ ಇಲಿಗೆ.