ವಿಆರ್ ಸೈಕಲ್ ತಾನಾಗಿ ಎಡಕ್ಕೆ ಎಳೆಯುತ್ತಿದ್ದರೆ

ಶಿವಮೊಗ್ಗದ ಬಿ.ಎಚ್. ರಸ್ತೆಯಂಥ ಕಡೆ ಸೈಕಲ್ ಸವಾರರು ಬಸ್ಸಿನಿಂದ ಎಷ್ಟು ದೂರ ಇರುತ್ತಾರೆ ಅಂತ ನೋಡಲು ವಿಆರ್ (ವರ್ಚುವಲ್ ರಿಯಾಲಿಟಿ) ಸಿಮ್ಯುಲೇಟರ್ ಕಟ್ಟಿದ್ದೆವು. ನಿಜವಾದ ಸೈಕಲ್, ಹಿಂದಿನ ಚಕ್ರ ಮ್ಯಾಗ್ನೆಟಿಕ್ ಟ್ರೈನರ್ (ಅಯಸ್ಕಾಂತದಿಂದ ತಡೆ ಕೊಡುವ ಸ್ಟ್ಯಾಂಡ್) ಮೇಲೆ, ಹ್ಯಾಂಡಲ್‌ಗೆ ಬಿಎನ್‌ಒ055 ಸೆನ್ಸರ್: ದಿಕ್ಸೂಚಿ, ತಿರುವು ಎರಡನ್ನೂ ನೋಡಿ ತಾನು ಯಾವ ಕಡೆಗಿದೆ ಅಂತ ಹೇಳುವ ಚಿಪ್.

ಹ್ಯಾಂಡಲ್ ನೇರವಾಗಿದ್ದರೂ ಹೆಡ್‌ಸೆಟ್‌ನೊಳಗೆ ಸೈಕಲ್ ಮೆಲ್ಲಗೆ ಎಡಕ್ಕೆ ಹೋಗುತ್ತಿತ್ತು. ವೇಗದಲ್ಲಿ ಸವಾರ ಹ್ಯಾಂಡಲ್ ತಿರುಗಿಸುವುದೇ ಕೆಲವು ಡಿಗ್ರಿ. ಅದರಲ್ಲಿ ಎರಡು ಡಿಗ್ರಿ ತಪ್ಪಾದರೆ ಅಳತೆ ಯಾಕೆ ಬೇಕು, ಅಲ್ವಾ?

ಮತ್ತೆ ಮತ್ತೆ ಕ್ಯಾಲಿಬ್ರೇಟ್ ಮಾಡಿದೆವು, ಉಪಯೋಗ ಆಗಲಿಲ್ಲ. ಅಳತೆಯ ಏರಿಳಿತ ತಗ್ಗಿಸುವ ಫಿಲ್ಟರ್ ಹೆಚ್ಚಿಸಿದರೆ ಚಿತ್ರ ತಡವಾಗಿ ತಿರುಗಿ, ಸವಾರರಿಗೆ ತಲೆಸುತ್ತು. ಐಎಂಯು ಮೋಡ್‌ಗೆ (ತಿರುವು, ಚಲನೆ ಮಾತ್ರ ನೋಡುವ ಕ್ರಮಕ್ಕೆ) ಹಾಕಿ ದಿಕ್ಸೂಚಿ ಬಿಟ್ಟರೂ ಕೋನ ನಿಧಾನಕ್ಕೆ ಸರಿಯುತ್ತಲೇ ಇತ್ತು. ಕಬ್ಬಿಣ, ಅಯಸ್ಕಾಂತ ಇರುವ ಕಡೆ ದಿಕ್ಕು ಹುಡುಕುವುದೇ ಬೇಡ. ಫ್ರೇಮಿಗೂ ಹ್ಯಾಂಡಲ್‌ಗೂ ನಡುವಿನ ಕೋನವನ್ನೇ ಅಳೆಯಬೇಕು.

ಅದಕ್ಕೆ ಎಎಸ್5600 ಹಾಕಿದೆವು, ಎದುರಿಗಿರುವ ಅಯಸ್ಕಾಂತ ಎಷ್ಟು ತಿರುಗಿದೆ ಅಂತ ಅಳೆಯುವ ಚಿಪ್. ಒಂದು ಸುತ್ತಿಗೆ 4096 ಹೆಜ್ಜೆ, ಅಂದರೆ ಹೆಜ್ಜೆಗೆ ಸುಮಾರು 0.09 ಡಿಗ್ರಿ. ಕ್ರಮ ಹೀಗಿರಲಿ. ಮೊದಲು ಸ್ಟೆಮ್ (ಹ್ಯಾಂಡಲ್ ಹಿಡಿದಿಡುವ ಭಾಗ) ಮೇಲಿನ ಸ್ಟೀಲ್ ಬೋಲ್ಟ್‌ನಿಂದ ದೂರ ಇಡಲು ಪ್ಲಾಸ್ಟಿಕ್ ಕಂಬ ನಿಲ್ಲಿಸಿ, ಅದರ ತುದಿಗೆ 6 ಮಿ.ಮೀ. ಅಯಸ್ಕಾಂತ ಅಂಟಿಸಿ. ಅದರ ಧ್ರುವಗಳು ಅಡ್ಡಡ್ಡ ಇರಬೇಕು. ಮೇಲೆ-ಕೆಳಗೆ ಧ್ರುವ ಇರುವ ಮಾಮೂಲಿ ಬಿಲ್ಲೆ ನಡೆಯುವುದಿಲ್ಲ. ಎಎಸ್5600 ಚಿಪ್ ಅನ್ನು ಫ್ರೇಮಿಗೆ ಬಿಗಿದು, ತಿರುಗುವ ಅಕ್ಷದ ಮೇಲೆ ನಡುಮಧ್ಯ ಕೂರಿಸಿ. ಚಿಪ್‌ಗೂ ಅಯಸ್ಕಾಂತಕ್ಕೂ ಅಂತರ 0.5ರಿಂದ 3 ಮಿ.ಮೀ. ಒಳಗೆ. ಎಜಿಸಿ (ಅಯಸ್ಕಾಂತದ ಬಲಕ್ಕೆ ತಕ್ಕಂತೆ ಚಿಪ್ ತಾನೇ ಹೊಂದಿಸಿಕೊಳ್ಳುವ ವರ್ಧನೆಯ ಅಂಕಿ) ಓದುತ್ತಾ ಅಂತರ ಹೊಂದಿಸಿ: 3.3 ವೋಲ್ಟ್‌ನಲ್ಲಿ ಅದು 64ರ ಹತ್ತಿರ ಬರಬೇಕು. ಆಮೇಲೆ ಹ್ಯಾಂಡಲ್ ನೇರ ಹಿಡಿದು ಸೊನ್ನೆ ಗುರುತಿಸಿ. ಪ್ರತಿ ಅಳತೆಯಿಂದ ಆ ಸೊನ್ನೆ ಕಳೆದು ಬಂದ ವ್ಯತ್ಯಾಸ 2048 ದಾಟಿದರೆ 4096 ಕಳೆಯಿರಿ, ಮೈನಸ್ 2048ಕ್ಕಿಂತ ಕೆಳಗಾದರೆ ಕೂಡಿಸಿ. ಕೊನೆಗೆ ಹಳೆಯ ಫಿಲ್ಟರ್ ಪೂರ್ತಿ ತೆಗೆಯಿರಿ.

ಇ-ಸ್ಕೂಟರ್‌ಗೂ ಇದೇ ಜೋಡಣೆ. ಹಲವು ಇ-ಸ್ಕೂಟರ್‌ಗಳಲ್ಲಿ ಅಯಸ್ಕಾಂತವಿರುವ ಮೋಟರ್ ಚಕ್ರದಲ್ಲೇ ಇರುತ್ತದೆ, ಹಾಗಾಗಿ ಸೆನ್ಸರ್ ಹ್ಯಾಂಡಲ್ ಕಡೆ ಮೇಲೆಯೇ ಇರಲಿ.