ಫ್ಲೆಕ್ಸ್ ಅಂಗಡಿ ಟ್ಯಾಬ್ಲೆಟ್ಟು, ಓಸು ಗೇಮು: ಮೌಸ್ ಬಿಟ್ಟ ನನ್ನ ಅನುಭವ

ಮಂಡ್ಯದ ನೂರಡಿ ರಸ್ತೆ ಹತ್ರ ಒಂದು ಡಿಟಿಪಿ, ಫ್ಲೆಕ್ಸ್ ಅಂಗಡೀಲಿ ಕೆಲ್ಸ ಮಾಡ್ತೀನಿ. ಬೀಗರೂಟದ ಕಾರ್ಡು, ಹುಟ್ಟುಹಬ್ಬದ ಫ್ಲೆಕ್ಸು, ತಿಥಿ ಕಾರ್ಡು, ದಿನಾ ಇದೇ. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರ್ಗೂ ಕೈಲಿ ಮೌಸು, ಮನೆಗ್ ಬಂದ್ಮೇಲೂ ಮೌಸು, ಯಾಕಂದ್ರೆ ಊಟ ಆದ್ಮೇಲೆ ಒಂದ್ ಗಂಟೆ ಓಸು ಆಡ್ದೆ ನಂಗೆ ನಿದ್ದೆ ಬರಲ್ಲ.

ಓಸು (osu!) ಗೊತ್ತಿಲ್ದೋರಿಗೆ ಚೂರು ಹೇಳ್ತೀನಿ. 2007ರಲ್ಲಿ ಆಸ್ಟ್ರೇಲಿಯಾದ ಡೀನ್ ಹರ್ಬರ್ಟ್ ಅನ್ನೋರು ಬಿಟ್ಟ ಫ್ರೀ ಗೇಮು. ಹಾಡು ಓಡ್ತಿರತ್ತೆ, ಸ್ಕ್ರೀನ್ ಮೇಲೆ ಅಲ್ಲೊಂದು ಇಲ್ಲೊಂದು ವೃತ್ತ ಬರತ್ತೆ, ಅದ್ರ ಸುತ್ತ ಒಂದು ದೊಡ್ಡ ಉಂಗುರ ಸಣ್ಣಗಾಗ್ತಾ ಬರತ್ತೆ, ಉಂಗುರ ವೃತ್ತಕ್ಕೆ ತಾಗೋ ಹೊತ್ತಿಗೆ ನಿಮ್ ಕರ್ಸರ್ ಅದ್ರ ಮೇಲಿರ್ಬೇಕು, ಬಟನ್ನೂ ಒತ್ತಿರ್ಬೇಕು, ಅಷ್ಟೇ. ಅಷ್ಟೇ ಅಂತೀನಿ ಆದ್ರೆ ಎಆರ್ (ವೃತ್ತ ಎಷ್ಟು ಬೇಗ ಬರತ್ತೆ ಅನ್ನೋ ಅಳತೆ) 9 ಇರೋ ಮ್ಯಾಪಲ್ಲಿ, ಅಂದ್ರೆ ಒಂದು ಹಾಡಿಗೆ ಜೋಡಿಸಿಟ್ಟ ವೃತ್ತಗಳ ಸಾಲಲ್ಲಿ, ವೃತ್ತ ಕಾಣಿಸ್ಕೊಂಡು ಹೊಡೆಯೋಕೆ ಸಿಗೋ ಟೈಮು 600 ಮಿಲಿಸೆಕೆಂಡು, ಓಡಿ (ಎಷ್ಟು ಕರಾರುವಾಕ್ಕಾಗಿ ಒತ್ತಬೇಕು ಅನ್ನೋ ಅಳತೆ) 8 ಇದ್ರೆ ಪೂರ್ತಿ 300 ಪಾಯಿಂಟ್ ಸಿಗೋಕೆ ಬೀಟಿಗೆ ಆಕಡೆ ಈಕಡೆ ಸುಮಾರು 32 ಮಿಲಿಸೆಕೆಂಡ್ ಒಳಗೇ ಒತ್ತಬೇಕು. ನಮ್ಮೂರ ಹಬ್ಬದಲ್ಲಿ ತಮಟೆ ಹೊಡೆಯೋರ್ನ ನೋಡಿದ್ರೆ ಇದೇನ್ ಮಹಾ ಅನ್ಸತ್ತೆ, ನಾನೇ ಕೂತ್ರೆ ಬೆವರು.

ಮೌಸಲ್ಲಿ ನಾಲ್ಕು ಸ್ಟಾರ್ ಮ್ಯಾಪ್ (ಸ್ಟಾರ್ ಜಾಸ್ತಿ ಆದಷ್ಟೂ ಕಷ್ಟ) ಆರಾಮಾಗಿ ಆಡ್ತಿದ್ದೆ. ತೊಂದ್ರೆ ಇದ್ದಿದ್ದು ಎರಡು. ಒಂದು, ಮಣಿಕಟ್ಟು. ಹಗಲೆಲ್ಲಾ ಫೋಟೋ ಕತ್ತರಿಸಿ ರಾತ್ರಿ ಮತ್ತೆ ಮೌಸ್ ಎಳೆದಾಡಿದ್ರೆ ಬೆಳಿಗ್ಗೆ ಹಲ್ಲುಜ್ಜೋಕೂ ಕೈ ನೋವು. ಇನ್ನೊಂದು, ಜಂಪ್‌ಗಳು. ದೂರ ದೂರ ಇರೋ ವೃತ್ತಗಳು ಒಂದರ ಹಿಂದೆ ಒಂದು ಬಂದ್ರೆ ನನ್ ಮೌಸು ನಿಧಾನಕ್ಕೆ ಟೇಬಲ್ ಅಂಚಿಗೆ ಹೋಗ್ಬಿಡ್ತಿತ್ತು, ಎತ್ತಿ ಮಧ್ಯಕ್ಕೆ ಇಡ್ಬೇಕು, ಆ ಎತ್ತೋ ಅರೆಕ್ಷಣದಲ್ಲಿ ಕಾಂಬೊ, ಅಂದ್ರೆ ತಪ್ಪಿಲ್ದೆ ಹೊಡ್ಕೊಂಡು ಬಂದ ಲೆಕ್ಕ, ಹೋಯ್ತು. ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್ ಅನ್ನೋದನ್ನ ಆಫ್ ಮಾಡಿದ್ದೆ, ರಾ ಇನ್‌ಪುಟ್ ಆನ್ ಮಾಡಿದ್ದೆ, ಡಿಪಿಐ ಏರಿಸಿ ಇಳಿಸಿ, ಮೌಸಿನ ಸೆಟ್ಟಿಂಗ್ ಎಲ್ಲಾ ನೋಡಾಯ್ತು.

ಅಂಗಡಿ ಡ್ರಾಯರಲ್ಲಿ, ಸ್ಟೇಪ್ಲರ್ ಪಿನ್ ಡಬ್ಬಿಗಳ ಅಡೀಲಿ, ಒಂದು ವೇಕಾಂ ಸಿಟಿಎಲ್-472 ಬಿದ್ದಿತ್ತು, ಕಂಪ್ಯೂಟರಿಗೆ ಹಾಕಿ ಪೆನ್ನಲ್ಲಿ ಬರೆಯೋ ಡ್ರಾಯಿಂಗ್ ಟ್ಯಾಬ್ಲೆಟ್ಟು. ಮೇಲೆ ಕಪ್ಪು, ಹಿಂದೆ ಕೆಂಪು, ಮಕ್ಕಳ ಸ್ಲೇಟಿನ ಥರಾ ತೆಳ್ಳಗೆ. ಫೋಟೋ ಟಚಪ್‌ಗೆ ಅಂತ ಓನರ್ ಅಣ್ಣ ತಂದಿದ್ರು, ಎರಡು ದಿನ ಆಡಿಸಿ ಕೈಗೆ ಹತ್ತಲಿಲ್ಲ ಅಂತ ಒಳಗೆ ಮಡಗಿದ್ರು. ಓಸು ಆಡೋರಲ್ಲಿ ಇದೇ ಮಾಡೆಲ್ ಬಹಳ ಜನ ಇಟ್ಕೊಂಡಿರ್ತಾರೆ ಅಂತ ನಂಗೊತ್ತಿತ್ತು, ಪೆನ್ನಿಗೆ ಬ್ಯಾಟ್ರಿ ಬೇಡ, ಚಾರ್ಜ್ ಹಾಕೋ ತಲೆನೋವಿಲ್ಲ. ಕೇಳ್ದೆ. "ತಗಂಡೋಗ್ಲಾ, ಇಲ್ಲಿದ್ರೂ ಧೂಳೇ ತಿನ್ನಾದು" ಅಂದ್ರು, ಆಮೇಲೆ ತಿಂಗಳ ಕೊನೇಲಿ ಸಂಬಳದಲ್ಲಿ ಸಾವಿರದಿನ್ನೂರು ಹಿಡ್ಕೊಂಡ್ರು, ಅದು ಬೇರೆ ವಿಷ್ಯ.

ಮನೇಲಿ ಅವ್ವ ನೋಡಿದ್ದೇ "ಇದ್ಯಾಕ್ಲಾ ಸ್ಲೇಟು ಬಳಪ, ತಿರ್ಗ ಒಂದ್ನೇ ಕ್ಲಾಸಿಗೆ ಸೇರ್ಕಂಡ್ಯಾ?" ಅಂತು. ಮೊದಲನೇ ವಾರ ಸ್ಕೋರ್ ನೋಡಿದ್ರೆ ಅವ್ವ ಹೇಳಿದ್ದೇ ಸರಿ.

ಏನಾಗತ್ತೆ ಅಂದ್ರೆ, ಮೌಸ್ ಕೆಲ್ಸ ಮಾಡೋದು ದಾರಿ ಹೇಳೋ ಥರಾ: ಇಲ್ಲಿಂದ ಎಡಕ್ಕೆ ಇಷ್ಟು ಹೋಗು, ಅಲ್ಲಿಂದ ಮೇಲಕ್ಕೆ ಇಷ್ಟು. ಈಗ ಎಲ್ಲಿದ್ದೀನಿ ಅನ್ನೋದರ ಮೇಲೇ ಎಲ್ಲಾ ನಿಂತಿರತ್ತೆ. ಟ್ಯಾಬ್ಲೆಟ್ ಹಂಗಲ್ಲ, ಅದು ನಮ್ ಮಂಡ್ಯದ ಸಂಜಯ ಸರ್ಕಲ್ ಅಂದ್ರೆ ಸಂಜಯ ಸರ್ಕಲ್, ನೀವು ಕಲ್ಲಹಳ್ಳಿಯಿಂದ ಬನ್ನಿ ಗುತ್ತಲಿಂದ ಬನ್ನಿ ಅದು ಇರೋದು ಅಲ್ಲೇ. ಪೆನ್ ಎತ್ತಿ ಬಲಗಡೆ ಮೂಲೇಲಿ ಇಟ್ರೆ ಕರ್ಸರ್ ಸ್ಕ್ರೀನಿನ ಬಲಗಡೆ ಮೂಲೆಗೆ ಹಾರತ್ತೆ. ಇದಕ್ಕೆ ಆಬ್ಸೊಲ್ಯೂಟ್ ಮೋಡ್ ಅಂತಾರೆ. ಕೇಳೋಕೆ ಸುಲಭ, ಆದ್ರೆ ಹತ್ತು ವರ್ಷ ಮೌಸ್ ಹಿಡಿದ ಕೈ ಕೇಳಲ್ಲ, ಅದು ಪೆನ್ನನ್ನ ಎತ್ತಿ ಮಧ್ಯಕ್ಕೆ ತರೋಕೆ ನೋಡತ್ತೆ, ತಂದ ತಕ್ಷಣ ಕರ್ಸರ್ರೂ ಮಧ್ಯಕ್ಕೆ ಬಂದು ಕೂರತ್ತೆ, ವೃತ್ತ ಅಲ್ಲೆಲ್ಲೋ ಮೂಲೇಲಿ ನಗ್ತಾ ಇರತ್ತೆ. ನಂಗೆ ಇದು ಅರ್ಥ ಆಗಿದ್ದು ಅವ್ವ ಚುಕ್ಕಿ ರಂಗೋಲಿ ಹಾಕೋದು ನೋಡ್ದಾಗ. ಹಿಂದಿನ ಚುಕ್ಕಿಯಿಂದ ಎಷ್ಟು ದೂರ ಅಂತ ಅವಳು ಅಳೆಯಲ್ಲ, ಅಂಗಳದಲ್ಲಿ ಯಾವ ಚುಕ್ಕಿ ಎಲ್ಲಿದೆ ಅಂತ ಕೈಗೇ ಗೊತ್ತು, ಕೈ ಅಲ್ಲಿಗೇ ಹೋಗತ್ತೆ.

ಮೊದಲನೇ ರಾತ್ರಿ ಇನ್ನೊಂದು ಎಡವಟ್ಟಾಯ್ತು. ಕಂಪನಿ ಡ್ರೈವರ್ರೂ (ಟ್ಯಾಬ್ಲೆಟ್ ನಡೆಸೋ ಸಾಫ್ಟ್ವೇರು) ಹಾಕಿದ್ದೆ, ಓಪನ್‌ಟ್ಯಾಬ್ಲೆಟ್‌ಡ್ರೈವರ್ ಅಂತ ಇದ್ಯಲ್ಲ, ಎಲ್ಲರೂ ಪುಕ್ಕಟೆಯಾಗಿ ಹಾಕೊಳ್ಳೋ ಓಪನ್ ಸೋರ್ಸ್ ಡ್ರೈವರ್ರು, ಅದನ್ನೂ ಹಾಕಿದ್ದೆ. ಒಂದೇ ಎತ್ತಿಗೆ ಇಬ್ಬರು ಮೂಗುದಾರ ಹಿಡಿದಂಗಾಯ್ತು, ಕರ್ಸರ್ ನಡುಗ್ತಿತ್ತು, ಒಂದೊಂದ್ಸಲ ಅಲ್ಲಾಡ್ತಾನೇ ಇರ್ಲಿಲ್ಲ. ತಪ್ಪು ನಂದೇ, ಯಾವುದಾದ್ರೂ ಒಂದೇ ಇರ್ಬೇಕು. ಮೊದಲಿಂದನ್ನ ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದ್ಮೇಲೆ ಸರಿ ಹೋಯ್ತು. ಅದ್ರ ಜೊತೆಗೆ ಪೆನ್ನಿನ ತುದಿ ತಾಗಿದ್ರೆ ಕ್ಲಿಕ್ ಆಗೋದನ್ನ ಡ್ರೈವರಲ್ಲೇ ತೆಗೆದುಹಾಕ್ದೆ. ಗೇಮಲ್ಲಿ ಎಫ್10 ಒತ್ತಿದ್ರೂ ಮೌಸ್ ಬಟನ್ ಆಫ್ ಆಗತ್ತೆ. ಹೊಡೆಯೋದು ಎಡಗೈಲಿ ಕೀಬೋರ್ಡಿನ ಝಡ್, ಎಕ್ಸ್ ಕೀಗಳಲ್ಲಿ. ನಿಮಿಷಕ್ಕೆ 180 ಬೀಟಿನ ಹಾಡಲ್ಲಿ ಸ್ಟ್ರೀಮ್, ಅಂದ್ರೆ ಬೀಟಿಗೆ ನಾಲ್ಕರಂತೆ ಸಾಲಾಗಿ ವೃತ್ತ, ಬಂದ್ರೆ ಸೆಕೆಂಡಿಗೆ 12 ಏಟು ಬೀಳ್ಬೇಕು, ಪೆನ್ ಕುಟ್ಟಿ ಅದನ್ನ ಮಾಡೋಕೆ ಹೋದ್ರೆ ಪೆನ್ನೂ ಉಳಿಯಲ್ಲ ಕೈಯೂ ಉಳಿಯಲ್ಲ. ಬೆರಳು ಎರಡಿದ್ರೆ ಒಂದೊಂದಕ್ಕೆ ಆರು.

ಈಗ ಏರಿಯಾ ವಿಷ್ಯ, ಅಂದ್ರೆ ಟ್ಯಾಬ್ಲೆಟ್ಟಿನ ಎಷ್ಟು ಜಾಗ ಇಡೀ ಸ್ಕ್ರೀನಿಗೆ ಸಮ ಅನ್ನೋದು, ನಾನು ಎರಡು ತಿಂಗಳು ಹಾಳು ಮಾಡ್ಕೊಂಡಿದ್ದು ಇಲ್ಲೇ. ಟ್ಯಾಬ್ಲೆಟ್ಟಿನ ಪೂರ್ತಿ ಜಾಗ 152×95 ಮಿಲಿಮೀಟರ್. ನನ್ ಹಳೇ ಮಾನಿಟರ್ 1366×768. ಪೂರ್ತಿ ಜಾಗ ಹಂಗೇ ಬಿಟ್ರೆ ಅಡ್ಡಕ್ಕೆ ಒಂದು ಸೆಂಟಿಮೀಟರ್ ಎಳೆದ್ರೆ ಕರ್ಸರ್ 90 ಪಿಕ್ಸೆಲ್ ಹೋಗತ್ತೆ, ಮೇಲಕ್ಕೆ ಅಷ್ಟೇ ಎಳೆದ್ರೆ 81. ಅಂದ್ರೆ ನೀವು ದುಂಡಗೆ ತಿರುಗಿಸಿದ್ರೂ ಸ್ಕ್ರೀನಲ್ಲಿ ಕೋಳಿ ಮೊಟ್ಟೆ. ಫ್ಲೆಕ್ಸಲ್ಲಿ ಫೋಟೋ ಎಳೆದು ಮುಖ ಅಗಲ ಮಾಡಿದ್ರೆ ಗಿರಾಕಿ ಬೈತಾರಲ್ಲ, ಅದೇ ಇಲ್ಲೂ, ದಿನಾ ಆ ಕೆಲ್ಸ ಮಾಡೋ ನಂಗೆ ಮೊದಲ ದಿನವೇ ಹೊಳೀಬೇಕಿತ್ತು. ಆಸ್ಪೆಕ್ಟ್ ರೇಶಿಯೋ, ಅಂದ್ರೆ ಅಗಲ ಎತ್ತರದ ಅನುಪಾತ, ಲಾಕ್ ಮಾಡಿ.

ಇನ್ನು ಅಳತೆ. ಪೂರ್ತಿ ಅಗಲ ಇಟ್ಕೊಂಡ್ರೆ ಇಡೀ ತೋಳು ಆಡಿಸ್ಬೇಕು, ಭುಜ ನೋವು. ಸರಿ ಅಂತ 60 ಮಿಲಿಮೀಟರಿಗೆ ಇಳಿಸ್ದೆ, ಬೆರಳು ಅಲ್ಲಾಡಿಸಿದ್ರೆ ಸಾಕು, ಎಷ್ಟು ಚೆನ್ನಾಗಿದೆ ಅನ್ಕೊಂಡೆ, ಆದ್ರೆ ಆಗ ಒಂದೇ ಒಂದು ಮಿಲಿಮೀಟರ್ ಕೈ ನಡುಗಿದ್ರೆ ಕರ್ಸರ್ ಸುಮಾರು 23 ಪಿಕ್ಸೆಲ್ ಹಾರತ್ತೆ, ಟೀ ಕುಡಿದು ಬಂದಿದ್ರಂತೂ ಮುಗೀತು. ಮಾರನೇ ದಿನ 100, ಅದರ ಮಾರನೇ ದಿನ 75, ಯಾರೋ ಟಾಪ್ ಪ್ಲೇಯರ್ ಏರಿಯಾ ಸಿಕ್ತು ಅಂತ ಅದು, ಹಿಂಗೇ. ಪ್ರತಿ ಸಲ ಬದಲಾಯಿಸ್ದಾಗ ಒಂದು ಹತ್ತು ನಿಮಿಷ ಚೆನ್ನಾಗಿ ಆಡ್ದಂಗೆ ಅನ್ಸತ್ತೆ, ಅದೇ ಮೋಸ. ಸಂಜಯ ಸರ್ಕಲನ್ನ ದಿನಾ ಒಂದೊಂದ್ ಕಡೆಗೆ ಎತ್ತಿಟ್ರೆ ಯಾವ ಆಟೋದವ್ನು ತಾನೇ ದಾರಿ ಕಲೀತಾನೆ? ಕೊನೆಗೆ 80×45ಕ್ಕೆ ಇಟ್ಟು, ಲೆಕ್ಕಕ್ಕೂ ಸಲೀಸು 16:9 ಸರಿಯಾಗಿ ಬೀಳತ್ತೆ, ಸೆಟ್ಟಿಂಗ್ ಸೇವ್ ಮಾಡಿ, ಡ್ರೈವರ್ ಕಿಟಕಿ ತೆಗೆಯಲ್ಲ ಅಂತ ಹಠ ಹಿಡ್ದೆ. 80ರಲ್ಲೇನೂ ಮಂತ್ರ ಇಲ್ಲ, 90 ಇದ್ರೂ ಕಲೀತಿದ್ದೆ. ಬದಲಾಯಿಸೋದನ್ನ ಬಿಟ್ಟಿದ್ದಕ್ಕೇ ಕೈ ಕಲ್ತಿದ್ದು, ನಂಗೆ ಅದ್ರಲ್ಲಿ ಅನುಮಾನ ಇಲ್ಲ.

ಅದಾದ್ಮೇಲೂ ಒಂದು ವಾರ ಸೋಮವಾರ ಚೆನ್ನಾಗಿ ಬೀಳೋದು ಬುಧವಾರ ಎಲ್ಲಾ ಎಡಕ್ಕೆ ಮಿಸ್. ನೋಡಿದ್ರೆ ಅವ್ವ ಟೇಬಲ್ ಒರೆಸಿ ಟ್ಯಾಬ್ಲೆಟ್ ಒಂದು ಬೆರಳು ಪಕ್ಕಕ್ಕೆ ಸರಿಸಿತ್ತು. ಅಷ್ಟೇ ಸಾಕು ಕೆಡೋಕೆ. ಫೋಮ್ ಬೋರ್ಡಿಗೆ ಅಂಟಿಸೋ ಡಬಲ್ ಸೈಡ್ ಟೇಪ್ ಅಂಗಡಿಯಿಂದ ತಂದು ಕೆಳಗಡೆ ನಾಲ್ಕು ತುಂಡು ಹಾಕಿ ಕೂರಿಸ್ದೆ. ಕೂರಿಸೋಕೆ ಮುಂಚೆ ಒಂದು ಪರೀಕ್ಷೆ ಮಾಡಿ: ಕಂಪ್ಯೂಟರಲ್ಲಿ ಪೇಂಟ್ ಪ್ರೋಗ್ರಾಮ್ ಓಪನ್ ಮಾಡಿ, ಕಣ್ಣು ಮುಚ್ಕೊಂಡು, ಎಡದಿಂದ ಬಲಕ್ಕೆ ನಿಮ್ ಪ್ರಕಾರ ನೇರವಾಗಿ ಒಂದು ಗೆರೆ ಎಳೀರಿ, ಇದಕ್ಕೆ ಮಾತ್ರ ಪೆನ್ ಕ್ಲಿಕ್ ವಾಪಸ್ ಆನ್ ಮಾಡ್ಕೋಬೇಕು. ನನ್ ಗೆರೆ ಐದಕ್ಕೆ ಐದು ಸಲಾನೂ ಬಲಗಡೆ ಮೇಲಕ್ಕೆ ಏರ್ತಿತ್ತು, ಯಾಕಂದ್ರೆ ಮೊಣಕೈ ಬಲಗಡೆ ಊರಿರತ್ತೆ, ಕೈ ಆಡೋದು ಅಲ್ಲಿಂದ. ಡ್ರೈವರಲ್ಲಿ ರೊಟೇಶನ್ ಅಂತ ಇದೆ, ಆದ್ರೆ ಅದನ್ನ ಮುಟ್ಟಲ್ಲ ಅಂತ ಹಠ ಹಿಡಿದಿದ್ನಲ್ಲ, ಟ್ಯಾಬ್ಲೆಟ್ಟನ್ನೇ ಬಲತುದಿ ಸ್ವಲ್ಪ ಮೇಲಾಗೋ ಹಂಗೆ ತಿರುಗಿಸಿ, ಗೆರೆ ಮಟ್ಟ ಬಂದ್ಮೇಲೆ ಟೇಪ್ ಒತ್ತಿದ್ದು.

ಪೆನ್ನನ್ನ ಗಾಳೀಲಿ ಆಡಿಸೋದಾ, ಒರೆಸ್ಕೊಂಡು ಹೋಗೋದಾ ಅಂತ ಇನ್ನೊಂದು ಜಗಳ ಇದೆ. ಗಾಳೀಲೂ ಕರ್ಸರ್ ಓಡತ್ತೆ, ಹೋವರ್ ಅಂತಾರೆ, ಉಜ್ಜಾಟ ಇಲ್ಲ, ಸ್ಪೀಡು. ನಂಗಾಗ್ಲಿಲ್ಲ, ಗಾಬರಿ ಆದ್ರೆ ಕೈ ತಾನಾಗೇ ಮೇಲೇಳತ್ತೆ, ಸ್ವಲ್ಪ ಜಾಸ್ತಿ ಮೇಲೆ ಹೋದ್ರೆ ಪೆನ್ ಸಿಗ್ನಲ್ ತಪ್ಪಿ ಕರ್ಸರ್ ನಿಂತಲ್ಲೇ ಕಂಬ. ಒರೆಸೋದೇ ಸರಿ ಅಂತ ಒರೆಸ್ದೆ, ಮೂರು ವಾರಕ್ಕೆ ನಿಬ್ ಉಳಿ ಥರಾ ಒಂದ್ ಕಡೆ ಸವೆದು ಚೂಪಾಯ್ತು, ಟ್ಯಾಬ್ಲೆಟ್ ಮೇಲೂ ಮಧ್ಯದಲ್ಲಿ ಹೊಳೆಯೋ ಪಟ್ಟೆ ಬಿತ್ತು. ಮೇಲೆ ಒಂದು ಎ4 ಹಾಳೆ ಅಂಟಿಸ್ದೆ, ಕಾಗದದ ಮೇಲಿಂದಾನೂ ಪೆನ್ ಕೆಲ್ಸ ಮಾಡತ್ತೆ, ಆದ್ರೆ ಕಾಗದ ನಿಬ್ಬನ್ನ ಇನ್ನೂ ಬೇಗ ತಿನ್ನತ್ತೆ. ಐಡಿ ಕಾರ್ಡ್ ಲ್ಯಾಮಿನೇಶನ್ ಪೌಚನ್ನ ಖಾಲಿ ಬಿಟ್ಟು ಮಷಿನಿಗೆ ಹಾಕಿ ಅದನ್ನ ಇಟ್ಟೆ, ಕೆರೆ ಮೆಟ್ಟಲಿನ ಪಾಚಿ ಮೇಲೆ ಕಾಲಿಟ್ಟಂಗೆ ಜಾರ್ತಿತ್ತು, ನಿಲ್ಲಿಸ್ಬೇಕಾದ ಕಡೆ ನಿಲ್ತಾನೇ ಇರ್ಲಿಲ್ಲ. ಕೊನೆಗೆ ಮದ್ವೆ ಕಾರ್ಡಿಗೆ ಹಾಕೋ ಮ್ಯಾಟ್ ಫಿಲಂ ರೋಲಿದ್ದು, ಕತ್ತರಿಸಿ ಉಳಿದ ತುಂಡು, ಅದು ಸರಿಯಾಗಿ ಕೂತ್ಕೊಂಡ್ತು. ಜಾರತ್ತೆ, ಬ್ರೇಕೂ ಇದೆ. ಎರಡು ತಿಂಗಳಿಗೊಮ್ಮೆ ಹೊಸಾ ತುಂಡು ಹಾಕ್ತೀನಿ, ಪುಕ್ಕಟೆ. ಏಪ್ರಿಲಲ್ಲಿ ಅಂಗೈ ಬೆವತು ಅಂಟ್ಕೊಳತ್ತೆ, ಅದಕ್ಕೆ ಹಳೇ ಕಾಲುಚೀಲದ ತುದಿ ಕತ್ತರಿಸಿ ಕಿರುಬೆರಳು, ಉಂಗುರ ಬೆರಳಿಗೆ ಬರೋ ಹಂಗೆ ಹಾಕೊಂಡೆ, ನೋಡೋಕೆ ಕೈ ಮುರಿದೋನ ಥರಾ ಇರತ್ತೆ, ಇರ್ಲಿ.

ಆಟದ ಬಗ್ಗೆ ಹೇಳೋಕೆ ಕಮ್ಮಿ ಇದೆ. ನಾಲ್ಕು ಸ್ಟಾರಿಂದ ಎರಡು ಸ್ಟಾರಿಗೆ ಇಳಿದೆ, ಎಆರ್ 5ರ ಮ್ಯಾಪು, ವೃತ್ತ ಬಂದು 1.2 ಸೆಕೆಂಡ್ ಕಾಯ್ತಾ ಕೂತಿರತ್ತೆ, ಅದನ್ನೂ ಮಿಸ್ ಮಾಡ್ದೆ. ಎರಡನೇ ವಾರ ಸಿಟ್ಟು ಬಂದು ಮೌಸಿಗೆ ವಾಪಸ್ ಹೋದೆ, ನಾಲ್ಕು ದಿನ ರಾಜನ ಥರಾ ಆಡ್ದೆ, ಮಣಿಕಟ್ಟು ಮತ್ತೆ ಹಿಡ್ಕೊಂಡ್ತು, ಹೆದರಿ ಪೆನ್ನಿಗೇ ಬಂದೆ. ಖುಷಿ ಕೊಟ್ಟಿದ್ದು ಮೊದಲು ಸ್ಪಿನ್ನರ್, ಕರ್ಸರನ್ನ ಸುತ್ತಿಸ್ಬೇಕಾದ ಚಕ್ರ. ಮೌಸಲ್ಲಿ ಗರಗರ ತಿರುಗಿಸಿ ಸುಸ್ತಾಗ್ತಿದ್ದೋನು ಪೆನ್ನಲ್ಲಿ ಸಣ್ಣಗೆ ಸೊನ್ನೆ ಸುತ್ತಿದ್ರೆ ಸಾಕು. ಏರಿಯಾ ಕಟ್ಟಿಹಾಕಿದ್ಮೇಲೆ ಸುಮಾರು ಏಳು ವಾರಕ್ಕೆ ಹಳೇ ನಾಲ್ಕು ಸ್ಟಾರ್ ಮ್ಯಾಪುಗಳು ವಾಪಸ್ ಬಂದ್ವು. ಒಂದ್ ರಾತ್ರಿ ಜಂಪ್ ಮ್ಯಾಪ್ ಆಡೋವಾಗ ಕರೆಂಟ್ ಹೋಗಿ ಮಾನಿಟರ್ ಆರಿದ್ಮೇಲೂ ಕೈ ಇನ್ನೂ ಮೂರ್ನಾಲ್ಕು ವೃತ್ತಕ್ಕೆ ಹೋಗಿ ಬಂತು, ಕತ್ತಲಲ್ಲಿ ನಿಬ್ ಸರ್ ಸರ್ ಅಂದಿದ್ದು ನಂಗೇ ಕೇಳಿಸ್ತು. ಹಂಗಂತ ಮೌಸ್ ಕೆಟ್ಟದ್ದು ಅಂತ ನಾನ್ ಹೇಳಲ್ಲ, ಮೇಲ್ಮಟ್ಟದಲ್ಲಿ ಮೌಸಲ್ಲೇ ಆಡೋರೂ ಇದ್ದಾರೆ. ಪಾಯಿಂಟಿಗೋಸ್ಕರ ಬದಲಾಯಿಸ್ತೀನಿ ಅಂದ್ರೆ ಬೇಡ ಅಂತೀನಿ. ಕೈ ನೋವು, ಟೇಬಲ್ ಚಿಕ್ಕದು, ಹಂಗಿದ್ರೆ ಬನ್ನಿ.

ಹೋದ ತಿಂಗಳು ಒಂದು ನಾಮಕರಣದ ಫ್ಲೆಕ್ಸಿಗೆ ಫೋಟೋದಲ್ಲಿ ಮಗು ಕೂದಲ ಸುತ್ತ ಕತ್ತರಿಸ್ಬೇಕಿತ್ತು, ಒಂದೊಂದೇ ಎಳೆ, ಮೌಸಲ್ಲಿ ಆಗೋ ಕೆಲ್ಸ ಅಲ್ಲ, ಟೇಪ್ ಕಿತ್ತು ಟ್ಯಾಬ್ಲೆಟ್ ಅಂಗಡಿಗೇ ತಗೊಂಡೋದೆ. ನನ್ ಪೆನ್ ಡ್ರೈವಲ್ಲಿ ಡ್ರೈವರ್ ಇತ್ತು, ಅದೇ 80×45. ಕ್ಲಿಕ್ ಆನ್ ಮಾಡ್ಕೊಂಡು ಕಾಲು ಗಂಟೇಲಿ ಮುಗಿಸ್ದೆ. ಓನರ್ ಅಣ್ಣ ಹಿಂದೆ ನಿಂತು ನೋಡ್ತಾ ಇದ್ರು. "ಲೋ, ಇದು ನಮ್ ಅಂಗಡೀದೇ ಅಲ್ವೇನ್ಲಾ? ಇಲ್ಲೇ ಮಡಗು ಇದ್ನ." ಸಾವಿರದಿನ್ನೂರು ಹಿಡ್ಕೊಂಡಿದ್ರಲ್ಲಣ್ಣಾ ಅಂದೆ. ಕೇಳಿಸ್ದೇ ಇರೋರಂಗೆ ಕುರ್ಚಿ ಎಳ್ಕೊಂಡು ಕೂತು ಪೆನ್ ಹಿಡಿದ್ರು, ಕರ್ಸರ್ ಒಂದೇಟಿಗೆ ಸ್ಕ್ರೀನಿನ ಆ ಮೂಲೆಗೆ ಹೋಗಿ ಬಡೀತು, ಎಳೆದ್ರೆ ಈ ಮೂಲೆಗೆ.

"ಇದೇನ್ಲಾ, ಮೂಗುದಾರ ಇಲ್ದಿರೋ ಹೋರಿ ಆಡ್ದಂಗೆ ಆಡ್ತದೆ" ಅಂತ ಪೆನ್ ನನ್ ಕೈಗೆ ಕೊಟ್ಟು ಮೌಸ್ ಹುಡುಕೋಕೆ ಎದ್ದೋದ್ರು. ಸಂಜೆ ಅಂಗಡಿ ಮುಚ್ಚೋವಾಗ ಟ್ಯಾಬ್ಲೆಟ್ ಬ್ಯಾಗಿಗೆ ಹಾಕೊಂಡೆ, ಡಬಲ್ ಸೈಡ್ ಟೇಪೂ ಒಂದು ಮಾರು ಸುತ್ಕೊಂಡೆ.