ಉಬ್ಬಿದ ಪೂರಿಯನ್ನು ಡೂಮ್ ಆಟದ ರಾಕ್ಷಸ ಮಾಡುವುದು ಹೇಗೆ?

ಡೂಮ್ ಅಂದರೆ ರಾಕ್ಷಸರಿಗೆ ಗುಂಡು ಹೊಡೆಯುವ ಹಳೇ ಕಂಪ್ಯೂಟರ್ ಆಟ. ಅದರಲ್ಲಿ ಕ್ಯಾಕೋಡೀಮನ್ ಅಂತ ಒಂದು ರಾಕ್ಷಸ ಇದೆ. ಕೆಂಪಗೆ, ಗುಂಡಗೆ, ಒಂಟಿ ಕಣ್ಣು, ಅಗಲ ಬಾಯಿ. ಗಾಳಿಯಲ್ಲಿ ತೇಲುತ್ತಾ ಬಂದು ಉರಿಯುಂಡೆ ಉಗುಳುತ್ತದೆ. ಒಂದು ಭಾನುವಾರ ಬಾಣಲೆಯಲ್ಲಿ ಪೂರಿ ಉಬ್ಬಿ ತೇಲುವುದನ್ನು ನೋಡಿದಾಗ ನನಗೆ ಅದೇ ನೆನಪಾಯಿತು. ಸಂಜೆ ಹೊತ್ತಿಗೆ ಆ ಪೂರಿ ಆಟದೊಳಗೆ ನನ್ನನ್ನೇ ಅಟ್ಟಿಸಿಕೊಂಡು ಬರುತ್ತಿತ್ತು. ಪ್ರೋಗ್ರಾಮಿಂಗ್ ಒಂದು ಸಾಲೂ ಬೇಕಾಗಲಿಲ್ಲ.

ಇದು ಇಷ್ಟು ಸುಲಭವಾಗಲು ಕಾರಣ ಡೂಮ್ ಮಾಡಿದವರೇ. 1993ರ ಡಿಸೆಂಬರ್ 10ರಂದು ಐಡಿ ಸಾಫ್ಟ್‌ವೇರ್ ಈ ಆಟ ಬಿಟ್ಟಾಗ, ಆಟ ಓಡಿಸುವ ಎಂಜಿನ್ ಒಂದು ಕಡೆ, ಚಿತ್ರ, ಸದ್ದು, ನಕ್ಷೆಗಳೆಲ್ಲ ಇನ್ನೊಂದು ಕಡೆ ಇದ್ದವು. ಆ ಎರಡನೇ ಗಂಟಿಗೆ ‘ವ್ಯಾಡ್’ ಫೈಲ್ ಅಂತ ಹೆಸರು. ಗಂಟು ಬದಲಿಸಿದರೆ ಆಟದ ವೇಷವೇ ಬದಲು. 1996ರಲ್ಲಿ ಅಮೆರಿಕದಲ್ಲಿ ಚೆಕ್ಸ್ ಎಂಬ ಬೆಳಗಿನ ತಿಂಡಿಯ ಪೊಟ್ಟಣದಲ್ಲಿ ಒಂದು ಸಿ.ಡಿ. ಇಟ್ಟು ಕೊಟ್ಟರು. ಅದರಲ್ಲಿದ್ದ ಚೆಕ್ಸ್ ಕ್ವೆಸ್ಟ್ ಆಟದಲ್ಲಿ ರಕ್ತ ಇಲ್ಲ, ಸಾವೂ ಇಲ್ಲ. ಹಸಿರು ಲೋಳೆ ಜೀವಿಗಳನ್ನು ಅವುಗಳ ಊರಿಗೆ ವಾಪಸ್ ಕಳಿಸುವುದಷ್ಟೇ ಕೆಲಸ. ಒಳಗೆ ಓಡುತ್ತಿದ್ದದ್ದು ಮಾತ್ರ ಅದೇ ಡೂಮ್! 1997ರಲ್ಲಿ ಡೂಮ್‌ನ ಸೋರ್ಸ್ ಕೋಡ್, ಅಂದರೆ ಎಂಜಿನ್ ಬರೆದ ಪ್ರೋಗ್ರಾಮ್ ಕೂಡ ಹೊರಗೆ ಬಂತು. ಅಲ್ಲಿಂದ ಈ ಕಿತಾಪತಿ ನಿಂತೇ ಇಲ್ಲ.

ಬೇಕಾಗುವ ಸಾಮಾನು

ನಾಲ್ಕೂ ಪುಕ್ಕಟೆ. ಆಟ ಓಡಿಸಲು ಜಿಝೆಡ್‌ಡೂಮ್. ಅಸಲಿ ಡೂಮ್ ಕೊಳ್ಳದವರಿಗೆ ಫ್ರೀಡೂಮ್, ಅಂದರೆ ಅದೇ ಅಚ್ಚಿನಲ್ಲಿ ಹೊಸದಾಗಿ ಚಿತ್ರ ಬರೆದು, ಸದ್ದು ಕೂಡಿಸಿ ಮಾಡಿದ ಮುಕ್ತ ಗಂಟು. ಗಂಟು ಬಿಚ್ಚಿ ನೋಡಲು ಸ್ಲೇಡ್. ಚಿತ್ರ ಕತ್ತರಿಸಲು ಗಿಂಪ್. ಜಿಝೆಡ್‌ಡೂಮ್ ಇರುವ ಫೋಲ್ಡರಿಗೇ ಫ್ರೀಡೂಮ್‌ನ ಎರಡನೇ ಭಾಗದ ವ್ಯಾಡ್ ಫೈಲನ್ನು ಹಾಕಿ, ಒಂದು ಸಲ ಆಡಿ ನೋಡಿ. ಆಮೇಲೆ ಅಡುಗೆಮನೆಗೆ ಹೋಗಿ.

ಪೂರಿಗೆ ಫೋಟೋ

ಫೋಟೋ ಹೊಡೆದು ರಾಕ್ಷಸ ಮಾಡುವುದು ಕಳ್ಳದಾರಿ ಅಂದುಕೊಳ್ಳಬೇಡಿ. ಡೂಮ್‌ನ ಕೆಲವು ರಾಕ್ಷಸರನ್ನು ಜೇಡಿಮಣ್ಣಿನಲ್ಲಿ ಮಾಡಿ, ಕ್ಯಾಮೆರಾ ಮುಂದೆ ತಿರುಗಿಸಿ ಹಿಡಿದಿದ್ದರು. ಬಂದೂಕುಗಳಲ್ಲಿ ಕೆಲವು ಅಂಗಡಿಯ ಆಟಿಕೆ. ಮರ ಕೊಯ್ಯುವ ಗರಗಸವನ್ನಂತೂ ತಂಡದಲ್ಲಿದ್ದ ಟಾಮ್ ಹಾಲ್ ಅವರ ಗೆಳತಿಯಿಂದ ಎರವಲು ತಂದಿದ್ದರು.

ಪೂರಿಯ ಬಣ್ಣ ಹಳದಿ-ಕಂದು. ಹಾಗಾಗಿ ಹಿಂದೆ ನೀಲಿ ಬೆಡ್‌ಶೀಟ್ ಕಟ್ಟಿದರೆ ಆಮೇಲೆ ಕತ್ತರಿಸುವುದು ಸಲೀಸು. ಫ್ಲ್ಯಾಶ್ ಬೇಡ, ಎಣ್ಣೆ ಹೊಳೆದು ಚಿತ್ರ ಕೆಡುತ್ತದೆ. ಕಿಟಕಿ ಬೆಳಕು ಸಾಕು. ಕಣ್ಣಿಗೆ ಸೌತೆಕಾಯಿ ಬಿಲ್ಲೆ, ನಡುವೆ ಒಂದು ಒಣದ್ರಾಕ್ಷಿ. ಹಲ್ಲಿಗೆ ಕೊಬ್ಬರಿ ಚೂರು. ಕೈ ಚುರುಕಾಗಿರಲಿ, ಪೂರಿ ನಿಮಗಾಗಿ ಕಾಯುವುದಿಲ್ಲ. ನನ್ನ ಮೊದಲ ಮೂರು ಪೂರಿ ಕಣ್ಣು ಅಂಟಿಸುವಷ್ಟರಲ್ಲೇ ಚಪ್ಪಟೆಯಾದವು.

ಒಟ್ಟು 12 ಭಂಗಿ ಬೇಕು. ಸುಮ್ನೆ ತೇಲುವುದು ಒಂದು, ಬಾಯಿ ತೆರೆದು ದಾಳಿ ಮಾಡುವುದು ಮೂರು, ಪೆಟ್ಟು ತಿಂದದ್ದು ಎರಡು, ಸಾಯುವುದು ಆರು. ಸಾಯುವ ಭಂಗಿಗಳಿಗೆ ಹೆಚ್ಚು ಸಮಯ ಕೊಡಿ. ಬೆರಳಲ್ಲಿ ಒತ್ತುತ್ತಾ ಒಂದೊಂದೇ ಫೋಟೋ ತೆಗೆಯಿರಿ, ಕೊನೆಯದರಲ್ಲಿ ಹರಿದ ಪೂರಿಯ ಪಕ್ಕ ಎರಡು ಚಮಚ ಆಲೂಗಡ್ಡೆ ಸಾಗು ಚೆಲ್ಲಿ. ಅಸಹ್ಯವಾಗಿ ಕಾಣುತ್ತದೆ. ಅದೇ ಬೇಕಾಗಿರುವುದು.

ಕುಗ್ಗಿಸಿ, ಹೆಸರಿಡಿ

ಗಿಂಪ್‌ನಲ್ಲಿ ನೀಲಿ ಬಣ್ಣ ಅಳಿಸಿ, ಚಿತ್ರವನ್ನು ಸುಮಾರು 64 ಪಿಕ್ಸೆಲ್ ಅಗಲಕ್ಕೆ ಇಳಿಸಿ. ಇಳಿಸುವಾಗ ನುಣುಪು ಮಾಡುವ ಆಯ್ಕೆಯನ್ನು ಆಫ್ ಮಾಡಿ. ಮೂಲ ಡೂಮ್‌ನ ಪರದೆ ಇದ್ದದ್ದೇ 320 ಅಡ್ಡ, 200 ಉದ್ದ. ಚುಕ್ಕಿ ಚುಕ್ಕಿಯಾಗಿ ಕಂಡರೇ ಚಂದ. ಪಿಎನ್‌ಜಿ ಆಗಿ ಉಳಿಸಿ.

ಹೆಸರಿಡುವಾಗ ಒಂದಕ್ಷರವೂ ತಪ್ಪಬಾರದು. ಕ್ಯಾಕೋಡೀಮನ್ ಚಿತ್ರಗಳ ಹೆಸರು ಇಂಗ್ಲಿಷಿನ ‘ಹೆಡ್’ ಎಂಬ ನಾಲ್ಕಕ್ಷರದಿಂದ ಶುರು. ಆಮೇಲೆ ಭಂಗಿಗೆ ಒಂದು ಅಕ್ಷರ, ದಿಕ್ಕಿಗೆ ಒಂದು ಅಂಕಿ. 1 ಅಂದರೆ ಮುಂದಿನಿಂದ, 5 ಅಂದರೆ ಹಿಂದಿನಿಂದ. ಬಾಯಿಪಾಠ ಬೇಡ. ಸ್ಲೇಡ್‌ನಲ್ಲಿ ಫ್ರೀಡೂಮ್ ಫೈಲ್ ತೆರೆದು, ಅಲ್ಲಿರುವ ಹೆಸರುಗಳನ್ನೇ ನಕಲು ಮಾಡಿಕೊಳ್ಳಿ. ಎಲ್ಲ ದಿಕ್ಕಿಗೂ ಬೇರೆ ಬೇರೆ ಫೋಟೋ ತೆಗೆಯುವ ತಾಳ್ಮೆ ನನಗಿರಲಿಲ್ಲ. ಮುಂದಿನ ಫೋಟೋವನ್ನೇ ಎಲ್ಲ ಹೆಸರಿನಲ್ಲೂ ಉಳಿಸಿದೆ. ಈಗ ನೀವು ಹಿಂದೆ ಹೋಗಿ ನಿಂತರೂ ಪೂರಿ ನಿಮ್ಮನ್ನೇ ದುರುಗುಟ್ಟಿ ನೋಡುತ್ತದೆ. ಸೋಮಾರಿತನಕ್ಕೆ ಇಷ್ಟು ಒಳ್ಳೆ ಫಲ ಸಿಗುವುದು ಅಪರೂಪ.

ಸದ್ದು

ಕ್ಯಾಕೋಡೀಮನ್‌ಗೆ ನಿಮ್ಮನ್ನು ಕಂಡಾಗ ಒಂದು ಸದ್ದು, ಸಾಯುವಾಗ ಒಂದು ಸದ್ದು. ಎರಡರ ಹೆಸರೂ ಡಿ, ಎಸ್, ಸಿ, ಎ, ಸಿ ಅಕ್ಷರಗಳಿಂದ ಶುರುವಾಗುತ್ತವೆ. ಕಂಡಾಗಿನ ಸದ್ದಿಗೆ ಕುಕ್ಕರ್ ಸೀಟಿ ಹಾಕಿದೆ. ಸಾಯುವ ಸದ್ದಿಗೆ, ಬಾಯಲ್ಲೇ ಮಾಡಿದ್ದು ಅಂತ ಆಣೆ ಮಾಡಿ ಹೇಳುತ್ತೇನೆ, ಒಂದು ಉದ್ದನೆ ಹೂಸು.

ಇಲ್ಲೊಂದು ತಪ್ಪು ಮಾಡಿದೆ. ಸೀಟಿ ನಾಲ್ಕು ಸೆಕೆಂಡ್ ಇತ್ತು. ಮೊದಲ ಸಲ ಬಿದ್ದು ಬಿದ್ದು ನಕ್ಕೆ, ಹತ್ತನೇ ಸಲಕ್ಕೆ ತಲೆನೋವು ಬಂತು. ಆಟದಲ್ಲಿ ಜೋಕು ಒಂದೇ ಸಲ ಬರುವುದಿಲ್ಲ, ನೂರು ಸಲ ಬರುತ್ತದೆ. ಒಂದು ಸೆಕೆಂಡಿಗೆ ಕತ್ತರಿಸಿದ ಮೇಲೆ ಸರಿಹೋಯಿತು. ಇನ್ನೊಂದು ಮಾತು: ಪೂರಿಯ ಜೀವಬಲವನ್ನಾಗಲಿ ವೇಗವನ್ನಾಗಲಿ ಮುಟ್ಟಬೇಡಿ. ಕ್ಯಾಕೋಡೀಮನ್‌ಗೆ 400 ಪಾಯಿಂಟ್ ಜೀವ ಇದೆ. ಒಂದು ಪೂರಿಗೆ ಅಷ್ಟೊಂದು ಗುಂಡು ಹೊಡೆಯಬೇಕು, ಅದೂ ಜೀವ ಕೈಯಲ್ಲಿ ಹಿಡಿದುಕೊಂಡು. ಒಂದೇ ಏಟಿಗೆ ಸತ್ತರೆ ಅದು ಬರೀ ತಿಂಡಿ ಅಲ್ವಾ?

ಕಟ್ಟಿ, ಬಿಡಿ

ಒಂದು ಫೋಲ್ಡರಿನಲ್ಲಿ ‘ಸ್ಪ್ರೈಟ್ಸ್’, ‘ಸೌಂಡ್ಸ್’ ಅಂತ ಇಂಗ್ಲಿಷಿನಲ್ಲಿ ಎರಡು ಫೋಲ್ಡರ್ ಮಾಡಿ, ಚಿತ್ರ ಮೊದಲನೆಯದಕ್ಕೆ, ಸದ್ದು ಎರಡನೆಯದಕ್ಕೆ ಹಾಕಿ. ಆ ಎರಡನ್ನೂ ಸೇರಿಸಿ ಜಿಪ್ ಮಾಡಿ, ಹೆಸರಿನ ಕೊನೆಯ ‘ಜಿಪ್’ ತೆಗೆದು ‘ಪಿಕೆ3’ ಅಂತ ಬರೆಯಿರಿ. ಈ ಫೈಲನ್ನು ಸ್ಲೇಡ್‌ನಲ್ಲಿ ತೆರೆದು, ಎಲ್ಲ ಚಿತ್ರಗಳನ್ನೂ ಆರಿಸಿ, ಆಫ್‌ಸೆಟ್ (ಚಿತ್ರ ಆಟದಲ್ಲಿ ಯಾವ ಜಾಗದಲ್ಲಿ ಕೂರಬೇಕು ಅನ್ನುವ ಅಳತೆ) ಬದಲಿಸುವ ಕಡೆ ‘ಮಾನ್ಸ್ಟರ್’ ಆಯ್ಕೆ ಒತ್ತಿ ಸೇವ್ ಮಾಡಿ. ನಾನು ಇದನ್ನು ಮರೆತಿದ್ದೆ. ಪೂರಿ ಇರಬೇಕಾದ ಜಾಗಕ್ಕಿಂತ ಕೆಳಗೆ, ಬಲಕ್ಕೆ ತೂಗಾಡುತ್ತಿತ್ತು. ಪೂರಿಗೆ ಹೊಡೆದರೆ ಏನೂ ಆಗುತ್ತಿರಲಿಲ್ಲ, ಪಕ್ಕದ ಖಾಲಿ ಗಾಳಿಗೆ ಹೊಡೆದರೆ ಸಾಯುತ್ತಿತ್ತು.

ಈಗ ಪಿಕೆ3 ಫೈಲನ್ನು ಎಳೆದು ಜಿಝೆಡ್‌ಡೂಮ್ ಐಕಾನ್ ಮೇಲೆ ಬಿಡಿ. ಪೂರಿ ಯಾವ ಹಂತದಲ್ಲಿ ಸಿಗುತ್ತದೆ ಅಂತ ಹುಡುಕಬೇಕಿಲ್ಲ. ಕೀಬೋರ್ಡಿನಲ್ಲಿ 1ರ ಎಡಗಡೆಯ ಕೀ ಒತ್ತಿ, ಇಂಗ್ಲಿಷಿನಲ್ಲಿ ‘ಸಮನ್ ಕ್ಯಾಕೋಡೀಮನ್’ ಅಂತ ಟೈಪ್ ಮಾಡಿದರೆ ಮೂಗಿನ ಮುಂದೆಯೇ ಬಂದು ನಿಲ್ಲುತ್ತದೆ. ಗೆಳೆಯರಿಗೆ ಕಳಿಸುವುದಾದರೆ ನಿಮ್ಮ ಪಿಕೆ3 ಮಾತ್ರ ಕಳಿಸಿ. ದುಡ್ಡು ಕೊಟ್ಟು ಕೊಂಡ ಡೂಮ್‌ನ ಫೈಲ್‌ಗಳನ್ನು ಅದರಲ್ಲಿ ಸೇರಿಸಬೇಡಿ.

ನಾನು ಮೊದಲು ತೋರಿಸಿದ್ದು ಅಮ್ಮನಿಗೆ. ಪೂರಿ ಬಾಯಿ ತೆರೆದು ಪರದೆ ತುಂಬ ಬಂತು, ಸೀಟಿ ಹೊಡೆಯಿತು, ಕೊನೆಗೆ ಪುಸ್ಸೆಂದು ಸಾಗು ಕಾರಿಕೊಂಡು ಬಿತ್ತು. ಅಮ್ಮ ಕನ್ನಡಕ ಸರಿಮಾಡಿಕೊಂಡು ಹತ್ತಿರದಿಂದ ನೋಡಿ, ‘ಎಣ್ಣೆ ಸರಿಯಾಗಿ ಕಾದಿರಲಿಲ್ಲ ಕಣೋ’ ಅಂದರು.